ಒತ್ತಿನೆಣೆಯ ಸಹಿ

ಅವರ ಬಲಗೈ ಹೆಬ್ಬೆರಳಿಗೆ ಮಾತ್ರ ಉದ್ದ ಉಗುರಿತ್ತು. ಉಳಿದ ಒಂಬತ್ತನ್ನೂ ಬುಡಕ್ಕೆ ಕತ್ತರಿಸಿಕೊಳ್ಳುತ್ತಿದ್ದರು. ಲೇತಿನಿಂದ ಇಳಿದ ಶಾಫ್ಟನ್ನು ಎಡಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಆ ಉಗುರನ್ನು ಅದರ ಮೈಮೇಲೆ ಮೆಲ್ಲಗೆ ಎಳೆಯುತ್ತಿದ್ದರು. ಒರಟಿದ್ದ ಕಡೆ ಉಗುರು ತಡೆಯುತ್ತಿತ್ತು, ಅವರ ಹುಬ್ಬು ಮೇಲೇಳುತ್ತಿತ್ತು. ಮೈಕ್ರೋಮೀಟರ್ ಹಿಡಿಯುವುದು ಆಮೇಲಿನ ಮಾತು. ಲೇತ್ ಓಡಿಸುವ ಟರ್ನರ್ ಆಗಿದ್ದ ನನಗೆ ಆ ಹುಬ್ಬನ್ನು ಕಂಡರೆ ಹೆದರಿಕೆ.

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಅವರು ಇನ್ಸ್‌ಪೆಕ್ಟರ್. ಎಲ್ಲರೂ ಅವರನ್ನು ಇನ್ಸ್‌ಪೆಕ್ಷನ್ ಸಾರ್ ಎಂದೇ ಕರೆಯುತ್ತಿದ್ದೆವು. ಊರು ಮರವಂತೆಯ ಹತ್ತಿರ. ಬೆಂಗಳೂರಿಗೆ ಬಂದು ಮೂವತ್ತು ವರ್ಷವಾಗಿದ್ದರೂ ಅವರ ಬಾಯಲ್ಲಿ ‘ಉಂಟು’, ‘ಮಾರಾಯ’ ಹಾಗೆಯೇ ಉಳಿದಿದ್ದವು. ದಾಸರಹಳ್ಳಿಯ ಮನೆಯಿಂದ ದಿನವೂ ಕಪ್ಪು ಸೈಕಲ್ಲಿನಲ್ಲಿ ಬರುತ್ತಿದ್ದರು. ಪ್ಯಾಂಟಿನ ಕಾಲಿಗೆ ಕ್ಲಿಪ್, ಕ್ಯಾರಿಯರಿನಲ್ಲಿ ಊಟದ ಡಬ್ಬಿ.

ನಮ್ಮಲ್ಲಿ ಪ್ರತಿ ಕೆಲಸದ ಜೊತೆಗೂ ಒಂದು ರೂಟ್ ಕಾರ್ಡ್ ಓಡಾಡುತ್ತಿತ್ತು. ಮೊದಲು ಯಾವ ಮೆಷಿನ್, ಆಮೇಲೆ ಯಾವುದು ಎಂದು ಅದರಲ್ಲಿ ಸಾಲಾಗಿ ಬರೆದಿರುತ್ತಿತ್ತು. ಒಂದೊಂದು ಸಾಲು ಮುಗಿದಾಗಲೂ ಕೆಲಸ ಮಾಡಿದವನು ಸಹಿ ಹಾಕಬೇಕು, ಪಕ್ಕದಲ್ಲಿ ಅವರು ಸಹಿ ಹಾಕಬೇಕು. ಅವರ ಸಹಿ ಬೀಳದೆ ಮಾಲು ಮುಂದಿನ ಮೆಷಿನ್ನಿಗೆ ಹೋಗುವಂತಿಲ್ಲ. ತಿಂಗಳ ಕೊನೆಯಲ್ಲಿ ಮ್ಯಾನೇಜರು ಬಂದು, “ಹಾಕ್ಬಿಡಿ ಸಾರ್, ಲಾರಿ ಕಾಯ್ತಿದೆ” ಎಂದು ಗೋಗರೆದರೂ ಅವರದು ಒಂದೇ ಮಾತು: “ನಾನು ನೋಡದ್ದಕ್ಕೆ ನನ್ನ ಸಹಿ ಇಲ್ಲ.” ನಾವು ಮೆಷಿನ್ ಮೇಲೆ ತಪ್ಪು ಹೊರಿಸಿದರೆ, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದು ಮಾಲನ್ನು ಹಿಂದಕ್ಕೆ ತಳ್ಳುತ್ತಿದ್ದರು.

ಇಂಥ ಮನುಷ್ಯನಿಗೆ ಒಂದೇ ಒಂದು ಹುಚ್ಚಿತ್ತು. ಕಾರವಾರದಿಂದ ತಮ್ಮ ಊರಿನವರೆಗೆ ಸಮುದ್ರದ ಪಕ್ಕದ ದಾರಿಯನ್ನು ಸೈಕಲ್ಲಿನಲ್ಲಿ ಮುಗಿಸಬೇಕು. ಇಪ್ಪತ್ತರ ವಯಸ್ಸಿನಲ್ಲಿ ಊರಿನಿಂದ ಹೊರಟು, ಬೈಂದೂರು ದಾಟಿ ಒತ್ತಿನೆಣೆಯ ಗುಡ್ಡದಲ್ಲಿ ಚೈನು ತುಂಡಾಗಿ ಹಿಂದಿರುಗಿದ್ದರಂತೆ. ಆಮೇಲೆ ಕೆಲಸ, ಮದುವೆ, ಮಕ್ಕಳು. ಜೊತೆಗೆ ಬರುವವರೇ ಸಿಗಲಿಲ್ಲ. ಐವತ್ನಾಲ್ಕಕ್ಕೆ ಮಂಡಿ ನೋವು ಶುರುವಾದಾಗ, ಈಗಿಲ್ಲದಿದ್ದರೆ ಇನ್ನಿಲ್ಲ ಎಂದು ಅವರಿಗೆ ಅನ್ನಿಸಿತು. ಡಿಸೆಂಬರಿನಲ್ಲಿ ಕಾರ್ಖಾನೆಗೆ ಒಂದು ವಾರ ರಜೆ. ಕ್ಯಾಂಟೀನಿನಲ್ಲಿ ಕೇಳಿದರು. ನಾನು, ಹಾವೇರಿ ಕಡೆಯ ಒಬ್ಬ ಫಿಟ್ಟರ್, ಮಾಗಡಿಯ ಒಬ್ಬ ಮಿಲ್ಲಿಂಗ್ ಮೆಷಿನ್ನಿನವನು, ಮೂವರೂ ಹುರುಪಿನಲ್ಲಿ ಹೂಂ ಎಂದೆವು. ನಮ್ಮಲ್ಲಿ ಇಬ್ಬರು ಸಮುದ್ರವನ್ನೇ ನೋಡಿರಲಿಲ್ಲ.

ಅವರು ದಾರಿಗೂ ರೂಟ್ ಕಾರ್ಡ್ ಮಾಡಿದರು. ಕಂಪನಿಯ ಹಳೇ ಕಾರ್ಡಿನ ಬೆನ್ನಿಗೆ, ಮುತ್ತಿನಂಥ ಅಕ್ಷರದಲ್ಲಿ: ಕಾರವಾರದಿಂದ ಅಂಕೋಲೆ, ಎರಡು ಘಟ್ಟ. ಗೋಕರ್ಣ. ತದಡಿಯಲ್ಲಿ ದೋಣಿ, ಸೈಕಲ್ ಮಲಗಿಸಬಾರದು. ಕುಮಟಾ, ಹೊನ್ನಾವರ. ಭಟ್ಕಳ. ಕೊನೆಗೆ, ‘ಒತ್ತಿನೆಣೆ, ನೆತ್ತಿಯಲ್ಲಿ ಎಲ್ಲರೂ ಸೇರುವುದು.’ ಪ್ರತಿ ಸಾಲಿನ ಮುಂದೆ ನಮ್ಮ ಸಹಿಗೆ ಜಾಗ, ಅದರ ಪಕ್ಕ ಅವರ ಸಹಿಗೆ. ನಾವು ನಕ್ಕೆವು. ಅವರೂ ನಕ್ಕರು, ಆದರೆ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೇಬಿಗಿಟ್ಟರು.

ಸಮುದ್ರದ ಪಕ್ಕದ ದಾರಿ ಎಂದರೆ ಸಪಾಟಾಗಿರುತ್ತದೆ ಎಂದು ನಾನು ತಿಳಿದಿದ್ದೆ. ಬಸ್ಸಿನ ಟಾಪಿನಿಂದ ಸೈಕಲ್ ಇಳಿಸಿ ಕಾರವಾರ ಬಿಟ್ಟ ಅರ್ಧ ಗಂಟೆಯಲ್ಲೇ ಆ ತಿಳಿವಳಿಕೆ ಬೆವರಾಗಿ ಇಳಿಯಿತು. ಗುಡ್ಡ ಹತ್ತಬೇಕು, ತುದಿಯಲ್ಲಿ ಒಂದು ಗಳಿಗೆ ನೀಲಿ ನೀರು ಕಾಣುತ್ತದೆ, ಇಳಿದರೆ ಹೊಳೆ, ಹೊಳೆ ದಾಟಿದರೆ ಮತ್ತೆ ಗುಡ್ಡ. ಅವರು ಮಾತ್ರ ಒಂದೊಂದು ಏರಿಗೂ ಹಳೇ ಪರಿಚಯದವರನ್ನು ಕಂಡಂತೆ ತಲೆಯಾಡಿಸುತ್ತಿದ್ದರು. ಕಷ್ಟವಾದಲ್ಲಿ ನಾಚಿಕೆಯಿಲ್ಲದೆ ಇಳಿದು ತಳ್ಳುತ್ತಿದ್ದರು. “ತಳ್ಳಿದರೂ ದಾರಿ ದಾರಿಯೇ ಮಾರಾಯ. ಕಾರ್ಡಿನಲ್ಲಿ ‘ತಳ್ಳಿದ್ದು’ ಅಂತ ಬರೆದರಾಯ್ತು.” ಹಾಗೆಯೇ ಬರೆಯುತ್ತಿದ್ದರು ಕೂಡ.

ಭಟ್ಕಳ ತಲುಪುವಾಗ ಅವರ ಮಂಡಿ ಊದಿಕೊಂಡಿತ್ತು. ಅವರಿಗಾಗಿ ನಿಂತು ನಿಂತು ನನಗೆ ಬೇಸರ ಬಂದಿತ್ತು. ಮರುದಿನ ಬೆಳಿಗ್ಗೆ ನಾನೇ ಹೇಳಿದೆ, “ಸಾರ್, ನೀವು ಮುಂದೆ ಹೊರಡಿ. ನಾವು ಬಂದು ಸೇರ್ಕೋತೀವಿ.” ಅವರು ಆರಕ್ಕೇ ಹೊರಟರು. “ಒತ್ತಿನೆಣೆ ಮೇಲೆ ಕಾಯ್ತೇನೆ. ಅಲ್ಲಿಂದ ಒಟ್ಟಿಗೆ ಊರಿಗೆ ಇಳಿಯುವ. ತಂಗಿ ಮನೆಯಲ್ಲಿ ಊಟಕ್ಕೆ ಹೇಳಿದ್ದುಂಟು” ಎಂದರು.

ನಾವು ಎದ್ದದ್ದೇ ಏಳೂವರೆಗೆ. ಹೋಟೆಲಿನ ಮುಂದೆ ಕುಂದಾಪುರಕ್ಕೆ ಹೋಗುವ ಹಂಚಿನ ಖಾಲಿ ಲಾರಿಯೊಂದು ನಿಂತಿತ್ತು. ಡ್ರೈವರನ್ನು ಕೇಳಿದವನು ನಾನು. ಸೈಕಲ್ ಮೇಲೆತ್ತಿ ಕೊಟ್ಟವನೂ ನಾನು.

ಒತ್ತಿನೆಣೆಯ ಏರಿನ ಅರ್ಧದಲ್ಲಿ ಅವರು ಕಂಡರು. ತಲೆಗೆ ಬಿಳಿ ಟವಲು, ಎರಡೂ ಕೈ ಹ್ಯಾಂಡಲ್ಲಿನ ಮೇಲೆ, ಬಲಗಾಲನ್ನು ಎಳೆಯುತ್ತ ಸೈಕಲ್ ತಳ್ಳುತ್ತಿದ್ದರು. ಫಿಟ್ಟರ್ ಡ್ರೈವರನ ಕ್ಯಾಬಿನ್ ತಟ್ಟಲು ಕೈಯೆತ್ತಿದ. “ನಿಲ್ಸೋಣೋ, ಪಾಪ, ಅವ್ರನ್ನೂ ಹತ್ತಿಸ್ಕೊಳ್ಳೋಣು” ಎಂದ. ನಾನು ಅವನ ಕೈ ಹಿಡಿದೆಳೆದೆ. “ಸುಮ್ನಿರೋ. ನಾವು ಲಾರೀಲಿ ಬಂದಿದ್ದು ಗೊತ್ತಾದ್ರೆ ಮರ್ಯಾದೆ ಹೋಗುತ್ತೆ. ಬಗ್ಗು!” ಮೂವರೂ ಹಂಚಿನ ಕೆಂಪು ಧೂಳಿನಲ್ಲಿ ಮುಖವಿಟ್ಟು ಮಲಗಿದೆವು. ಲಾರಿಗೆ ದಾರಿ ಬಿಡಲು ಅವರು ಸೈಕಲ್ಲನ್ನು ಪಕ್ಕಕ್ಕೆ ಸರಿಸಿರಬೇಕು. ಅವರ ಗಂಟೆಯ ಸದ್ದು ಒಮ್ಮೆ ಕೇಳಿಸಿತು.

ಮರವಂತೆಯ ಹತ್ತಿರ ಇಳಿದು, ಸಮುದ್ರದಲ್ಲಿ ಮನಸಾರೆ ಮಿಂದು ಧೂಳು ತೊಳೆದುಕೊಂಡೆವು. ಮಧ್ಯಾಹ್ನ ಅವರ ತಂಗಿಯ ಮನೆ ಹುಡುಕಿಕೊಂಡು ಹೋದೆವು. ಆಕೆ ಬಾಗಿಲಿಗೆ ಓಡಿ ಬಂದು, ನಮ್ಮ ಬೆನ್ನ ಹಿಂದೆ ನೋಡಿ, “ಅಣ್ಣ ಎಲ್ಲಿ? ಒಟ್ಟಿಗೆ ಬರ್ಲಿಲ್ವಾ?” ಎಂದರು. “ಹಿಂದೆ ಬರ್ತಿದಾರೆ ಅಕ್ಕಾ” ಎಂದೆ. ಎರಡು ಗಂಟೆಯವರೆಗೆ ಕಾದು, ಹಸಿದಿರಬಹುದೆಂದು ಆಕೆ ನಮಗೆ ಬಡಿಸಿಯೇಬಿಟ್ಟರು. ಅಣ್ಣನಿಗೆಂದು ಮಾಡಿದ ಅಡುಗೆಯನ್ನು ನಾವು ಎರಡೆರಡು ಸಲ ಹಾಕಿಸಿಕೊಂಡು ಉಂಡೆವು. ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಅವರು ಬಂದದ್ದು ಐದು ಗಂಟೆಗೆ. ನೆತ್ತಿಯಲ್ಲಿ ಮಧ್ಯಾಹ್ನದವರೆಗೆ ಕಾದಿದ್ದರು. ನಾವು ಬಾರದಿದ್ದಾಗ ಯಾರಿಗೋ ಲಾರಿ ಬಡಿದಿರಬೇಕೆಂದು ಹೆದರಿ, ಹತ್ತಿದ ಗುಡ್ಡವನ್ನು ಮತ್ತೆ ಇಳಿದು, ಶಿರೂರಿನ ಅಂಗಡಿ ಅಂಗಡಿಯಲ್ಲೂ ಮೂವರು ಬೆಂಗಳೂರು ಹುಡುಗರನ್ನು ವಿಚಾರಿಸಿ, ಎರಡನೇ ಸಲ ಹತ್ತಿ ಬಂದಿದ್ದರು. ಅಂಗಳದಲ್ಲಿ ನಮ್ಮ ಸೈಕಲ್ಲುಗಳನ್ನು ಕಂಡು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟರು.

“ಯಾರಿಗೂ ಎಂತದೂ ಆಗ್ಲಿಲ್ಲಲ್ಲ?”

ಆಗ ಹೇಳಿಬಿಡಬಹುದಿತ್ತು. ತಪ್ಪಾಯ್ತು ಸಾರ್ ಎಂದರೆ ಎರಡು ಬೈಗುಳದಲ್ಲಿ ಮುಗಿಯುತ್ತಿತ್ತು. ಆದರೆ ನನ್ನ ಬಾಯಿಗೆ ಸುಳ್ಳು ಸಿದ್ಧವಾಗಿ ಬಂತು. “ನಾವು ಹತ್ತಿ ಬಂದು ನೋಡಿದ್ವಿ ಸಾರ್, ನೀವೇ ಕಾಣ್ಲಿಲ್ಲ. ಮುಂದೆ ಹೋಗಿರ್ತೀರ ಅಂದ್ಕೊಂಡ್ವಿ.” ಸಾಲದೆಂಬಂತೆ ಅದಕ್ಕೊಂದು ಒಗ್ಗರಣೆ: “ನಾನಂತೂ ಒಂದು ಕಡೆನೂ ಇಳೀಲಿಲ್ಲ.”

ಅವರು ಒಂದು ಕ್ಷಣ ಯೋಚಿಸಿದರು. “ಹೌದಾ! ನಾನು ನೀರು ಕುಡಿಯಲಿಕ್ಕೆ ಕೆಳಗೆ ಒರತೆಗೆ ಹೋಗಿದ್ದೆ. ಆಗಲೇ ನೀವು ದಾಟಿರಬೇಕು. ನನ್ನದೇ ತಪ್ಪು ಮಾರಾಯ. ನಿಮಗೂ ಸುಮ್ಮನೆ ಗಾಬರಿ ಮಾಡಿದೆ.” ನಮ್ಮ ಹತ್ತಿರ ಅವರು ಕ್ಷಮೆ ಕೇಳಿದರು. ಆಮೇಲೆ ಜೇಬಿನಿಂದ ಕಾರ್ಡು ತೆಗೆದು ನನ್ನ ಮುಂದೆ ಚಾಚಿದರು. ಒತ್ತಿನೆಣೆಯ ಸಾಲಿಗೆ ನಾನು ಸಹಿ ಹಾಕಿದೆ. ಫಿಟ್ಟರ್ ನೆಲ ನೋಡುತ್ತ ಹಾಕಿದ, ಇನ್ನೊಬ್ಬನೂ ಹಾಕಿದ. ಅವರು ಪೆನ್ನನ್ನು ಸ್ವಲ್ಪ ಹೊತ್ತು ಕಾಗದದ ಮೇಲೆ ಹಿಡಿದಿದ್ದರು. “ನೋಡದ್ದಕ್ಕೆ ಹಾಕುವವನಲ್ಲ ನಾನು. ಆದರೂ ನೀವು ಹೇಳಿದ ಮೇಲೆ ಆಯ್ತಲ್ಲ” ಎಂದು ಸಹಿ ಹಾಕಿದರು.

ನಾಲ್ಕು ವರ್ಷದ ನಂತರ ಅವರು ನಿವೃತ್ತರಾದರು. ಆ ಜಾಗಕ್ಕೆ ಯಾರು ಎಂದು ಮ್ಯಾನೇಜರು ಕೇಳಿದಾಗ ನನ್ನ ಹೆಸರು ಹೇಳಿದ್ದರು. ಬೀಳ್ಕೊಡುಗೆಯ ದಿನ ಕ್ಯಾಂಟೀನಿನಲ್ಲಿ ಎಲ್ಲರೆದುರು, “ಗೇರಿಲ್ಲದ ಸೈಕಲ್ಲಿನಲ್ಲಿ ಒತ್ತಿನೆಣೆಯನ್ನು ಇಳಿಯದೆ ಹತ್ತಿದವ ಇವ. ನಾನು ತಳ್ಳಿದ್ದೆ!” ಎಂದು ಹೆಮ್ಮೆಯಿಂದ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಏನು ಮಾಡಲೂ ತೋಚದೆ ನಾನೂ ತಟ್ಟಿದೆ. ಫಿಟ್ಟರ್ ಎದ್ದು ಹೊರಗೆ ಹೋದ.

ಮರುದಿನದಿಂದ ಕಾರ್ಡುಗಳಿಗೆ ನನ್ನ ಸಹಿ. ಹುಡುಗರು ‘ಹಾಕ್ಬಿಡಿ ಸಾರ್’ ಎಂದಾಗ ಅವರ ಮಾತನ್ನೇ ನಾನು ಹೇಳುತ್ತಿದ್ದೆ, ಹೇಳುವಾಗಲೆಲ್ಲ ಕಳ್ಳನ ಮನಸ್ಸು ಹುಳ್ಳುಳ್ಳಗೆ. ಎರಡು ವರ್ಷ ಹೀಗೇ ಕಳೆಯಿತು.

ಅವರಿಗೆ ಕಾಯಿಲೆ ಬಲಿತಿದೆ, ವೈದ್ಯರು ಕೈಬಿಟ್ಟಿದ್ದಾರೆ ಎಂದು ತಿಳಿದಾಗ ದಾಸರಹಳ್ಳಿಗೆ ಹೋದೆ. ಮಂಚದ ಮೇಲೆ ಅರ್ಧವಾಗಿದ್ದರು. ನನ್ನನ್ನು ಕಂಡದ್ದೇ ಹೆಂಡತಿಯನ್ನು ಕರೆದು, “ಇವನೇ ಮಾರಾಯ್ತಿ, ಒತ್ತಿನೆಣೆ ಹತ್ತಿದವ” ಎಂದರು. ಆಕೆ ಕಾಫಿ ತರಲು ಒಳಗೆ ಹೋದರು. ಇನ್ನು ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಲಾರಿ, ಹಂಚಿನ ಧೂಳು, ಬಗ್ಗಿ ಮಲಗಿದ್ದು, ಎಲ್ಲ. ಹೇಳುತ್ತ ಹೇಳುತ್ತ ನನ್ನ ಎದೆ ಹಗುರಾಗುತ್ತಿತ್ತು. ಅವರು ಬೈಯುತ್ತಾರೆ, ಇಲ್ಲವೇ ನಕ್ಕು ಹೋಗಲಿ ಬಿಡು ಎನ್ನುತ್ತಾರೆ, ಎರಡಕ್ಕೂ ನಾನು ತಯಾರಿದ್ದೆ.

ಅವರು ಹೆಬ್ಬೆರಳಿನ ಉಗುರನ್ನು ಮಂಚದ ಅಂಚಿನ ಮೇಲೆ ಮೆಲ್ಲಗೆ ಎಳೆದರು. ಆಮೇಲೆ, “ನಾನು ನಿಮ್ಮನ್ನು ಹುಡುಕಿಕೊಂಡು ಶಿರೂರಿಗೆ ಇಳಿದಾಗ ನೀವು ಎಲ್ಲಿದ್ರಿ?” ಎಂದು ಕೇಳಿದರು.

“ಸಮುದ್ರದಲ್ಲಿ ಸ್ನಾನ ಮಾಡ್ತಿದ್ವಿ ಸಾರ್.”

“ಆ ಕಾರ್ಡಿನಲ್ಲಿ ನನ್ನ ಸಹಿ ಉಂಟಲ್ಲ ಮಾರಾಯ” ಎಂದರು. ಸಿಟ್ಟಿರಲಿಲ್ಲ, ಏನೋ ಕಳೆದುಕೊಂಡವರ ಹಾಗಿತ್ತು ದನಿ. ಗೋಡೆಯ ಕಡೆ ಹೊರಳಿದರು. “ಹೇಳದಿದ್ದರೂ ಆಗ್ತಿತ್ತು.”

ಕಾಫಿ ಬಂತು. ಕುಡಿದು ಎದ್ದು ಬಂದೆ. ಎರಡು ವಾರದಲ್ಲಿ ಅವರು ಹೋದರು.

ಆ ದಿನ ಅವರ ಮನೆಗೆ ಹೋದದ್ದು ಪ್ರಾಮಾಣಿಕತೆಯಿಂದ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅಲ್ಲ. ನನ್ನ ಭಾರವನ್ನು ಇಳಿಸಲು ಜಾಗ ಹುಡುಕಿದೆ, ಸಾಯುತ್ತಿದ್ದವರ ಎದೆ ಸಿಕ್ಕಿತು. ಅವರು ಜೀವಮಾನದಲ್ಲಿ ಹಾಕಿದ ಸಹಿಗಳಲ್ಲಿ ಸುಳ್ಳಾದದ್ದು ಒಂದೇ. ಅದನ್ನು ಹಾಕಿಸಿದವನು ನಾನು, ಅದು ಸುಳ್ಳೆಂದು ಅವರಿಗೆ ತಿಳಿಸಿ ಕಳಿಸಿದವನೂ ನಾನೇ.