ಹಾಡಿನಲ್ಲಿ ನಕ್ಕವರು

ಸಿರುಗುಪ್ಪದ ಬಸ್ ಸ್ಟ್ಯಾಂಡಿನೆದುರು ಚಹಾದ ಹೋಟೆಲು ಇಟ್ಟಿದ್ದ ಮಾಲೀಕರು ನಕ್ಕದ್ದನ್ನು ನಾವ್ಯಾರೂ ಕಂಡಿರಲಿಲ್ಲ. ನಾಟಕ ಕಂಪನಿಯ ಯಾವ ಪುಣ್ಯಾತ್ಮನೋ, ಅವರು ನಗುನಗುತ್ತ ಚಹಾ ಕೊಡುತ್ತಾರೆಂದು ಹಾಡು ಕಟ್ಟಿಬಿಟ್ಟ. ಮದುವೆ ಮನೆಗಳ ಮೈಕಿನಲ್ಲೆಲ್ಲ ಅದೇ ಹಾಡು. ಬಳ್ಳಾರಿ, ಸಿರಿಗೇರಿಯಿಂದ ಬಸ್ಸು ಹತ್ತಿ ಬಂದವರು ಚಹಾ ಹೀರುತ್ತ ಅವರ ಮುಖವನ್ನೇ ನೋಡುತ್ತ ಕೂರುತ್ತಿದ್ದರು.

“ಒಂಚೂರು ನಗ್ರಿ, ಸಾವ್ಕಾರ್ರ.”

ಅವರು ಹೆಗಲ ಟವೆಲ್ಲಿನಿಂದ ಮೇಜು ಬಡಿದು, “ಇಲ್ಲಿ ಬರೇ ಚಾ ಸಿಗತೈತಿ. ನಗು ಬೇಕಂದ್ರ ಮೈಕಿನಾಗ ಕೇಳ್ರಿ,” ಎನ್ನುತ್ತಿದ್ದರು.

ರಸ್ತೆ ಅಗಲ ಮಾಡಲು ಹೋಟೆಲು ಕೆಡವುವ ಹಿಂದಿನ ದಿನ ಊರೇ ಅಲ್ಲಿ ನೆರೆದಿತ್ತು. ಒಲೆ ಆರಿಸಿ ಹೊರಬಂದ ಅವರು ನಮ್ಮನ್ನೆಲ್ಲ ನೋಡಿ ಬಾಯಿ ತುಂಬ ನಕ್ಕರು.

“ಚಾ ಮುಗೀತ್ರಪಾ. ಇದೊಂದ ಉಳದೈತಿ, ತಗೊಂಡು ಹೋಗ್ರಿ.”