ಇನ್ನೊಬ್ಬಳಿಗೆ ಬರೆದುಕೊಟ್ಟ ಒಡಪು

ನನ್ನ ಬಾಯಿ ಜೋರು. ಹತ್ತರಗಿಯ ನನ್ನ ತವರಿಗೆ ಇದು ಗೊತ್ತು, ನಾನು ಕಲಿಸುವ ಮೂಡಲಗಿಯ ಶಾಲೆಗೂ ಗೊತ್ತು. ಗೋಕಾಕದ ಕೋರ್ಟಿಗೆ ಮಾತ್ರ ಗೊತ್ತಿರಲಿಲ್ಲ. ಅದನ್ನು ಅಲ್ಲಿಗೂ ಮುಟ್ಟಿಸಿದವನು ನನ್ನ ಗಂಡ. ಡೈವೋರ್ಸ್ ನೋಟಿಸು ಬರುವವರೆಗೆ ಅವನನ್ನು 'ಅವರು' ಎಂದೇ ಅನ್ನುತ್ತಿದ್ದೆ. ಈಗ ಆ ಮರ್ಯಾದೆ ಎದುರಿಗೆ ಬಂದಾಗ ಅಷ್ಟೆ.

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಮದುವೆಯಲ್ಲೋ ಬಸುರಿಗೆ ಮಾಡುವ ಕುಬಸದಲ್ಲೋ ಉಳಿದ ಹೆಂಗಸರು ಅಡ್ಡ ನಿಂತು, 'ಹೆಸರ ಹೇಳ, ಆಮ್ಯಾಲ ಬಿಡ್ತೇವಿ' ಎಂದು ಪೀಡಿಸುತ್ತಾರೆ. ಆಗ ಎರಡು ಸಾಲಿನ ಪ್ರಾಸ ಹೇಳಿ, ಅದರ ನಡುವೆ ಹೆಸರನ್ನು ಇಡಬೇಕು. ಅದೇ ಒಡಪು. ಚೆಂದದ ಒಡಪು ಹೇಳಿದವಳನ್ನು ಜನ ವರ್ಷಗಟ್ಟಲೆ ನೆನೆಯುತ್ತಾರೆ.

ನನ್ನ ಕುಬಸದ ಹಿಂದಿನ ದಿನ ಗಂಡನನ್ನು ಕೇಳಿದ್ದೆ.

"ರೀ, ನನಗೊಂದ ಒಡಪ ಬರದ ಕೊಡ್ರಿ. ಯಾರೂ ಹೇಳಿರಬಾರದು, ಅಂಥಾದ್ದ."

"ನನಗ ಅದೆಲ್ಲಾ ಎಲ್ಲಿ ಬರ್ತೈತಿ? ನಿಮ್ಮ ಅವ್ವನ್ನ ಕೇಳ."

ನೀರಾವರಿ ಆಫೀಸಿನಲ್ಲಿ ಕೂತು ಲೆಕ್ಕ ಬರೆಯುವ ಮನುಷ್ಯನಿಗೆ ಪ್ರಾಸ ಎಲ್ಲಿಂದ ಬರಬೇಕು ಎಂದು ನಾನೂ ನಂಬಿದೆ. ಮರುದಿನ ಹಸಿರು ಸೀರೆ ಉಟ್ಟು, 'ತಾಟಿನ್ಯಾಗ ಸಕ್ಕರಿ ಬೆಲ್ಲಾ, ಇಂಥವರ ಬಿಟ್ಟ ನನಗ್ಯಾರೂ ಇಲ್ಲಾ' ಎಂದು, 'ಇಂಥವರ' ಎಂಬಲ್ಲಿ ಗಂಡನ ಹೆಸರಿಟ್ಟು, ಹೇಳಿ ಮುಗಿಸಿದೆ. ಮೂಲೆಯಲ್ಲಿದ್ದ ಒಬ್ಬ ಮುದುಕಿ, "ಇದನ್ನ ನಮ್ಮ ಅಜ್ಜಿನೂ ಹೇಳಿದ್ಲು ಬಿಡವಾ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆಗ ಹೊಟ್ಟೆಯಲ್ಲಿದ್ದ ಮಗಳು ಹೈಸ್ಕೂಲು ಸೇರಿದ ವರ್ಷ, ಅವಳ ಫೋಟೋ ಒಂದನ್ನು ಅಕ್ಕನಿಗೆ ಕಳಿಸಲು ಗಂಡನ ಮೊಬೈಲು ತೆಗೆದುಕೊಂಡೆ. ಅಷ್ಟರಲ್ಲಿ ಅದಕ್ಕೊಂದು ಮೆಸೇಜು ಬಂತು. ಹಿಡಕಲ್ ಆಫೀಸಿನಲ್ಲಿ ಅವನ ಜೊತೆ ಕೆಲಸ ಮಾಡುವ ಹುಡುಗಿಯದು. 'ಸರ್, ಬಾಳ ಚಂದ ಆತ್ರಿ. ಎಲ್ಲಾರೂ ಮತ್ತೊಮ್ಮಿ ಹೇಳ ಅಂದ್ರು.' ಮೇಲಕ್ಕೆ ಸರಿಸಿ ನೋಡಿದೆ. ಆಕೆಯ ಕುಬಸಕ್ಕೆ ನನ್ನ ಗಂಡ ಒಡಪು ಬರೆದುಕೊಟ್ಟಿದ್ದ. ಒಂದಲ್ಲ, ನಾಲ್ಕು. ಕೆಳಗೆ, 'ಯಾವದ ಬೇಕ ಆರಿಸ್ಕೋರಿ.'

ಅದರಲ್ಲಿ ಒಂದು ನನಗೆ ಬಾಯಿಪಾಠ. ಬೇಡವೆಂದರೂ ಹೋಗುವುದಿಲ್ಲ.

'ಧುಪದಾಳ ಒಡ್ಡಿನ ಮ್ಯಾಲ ನೀರ ಹಾಲಾಗಿ ಹರದೈತಿ,
ಇಂಥವರ ಹೆಸರ ಹೇಳಾಕ ನನ್ನ ತುಟಿ ಮೊದಲ ನಕ್ಕೈತಿ.'

'ಇಂಥವರ' ಎಂಬಲ್ಲಿ ಆಕೆಯ ಗಂಡನ ಹೆಸರಿತ್ತು. ಇಬ್ಬರ ನಡುವೆ ಬೇರೇನೂ ಇರಲಿಲ್ಲ ಎಂಬುದು ನನಗೆ ಅಂದೂ ಗೊತ್ತಿತ್ತು, ಇಂದೂ ಗೊತ್ತು. ಇದ್ದಿದ್ದರೆ ಚೆನ್ನಾಗಿತ್ತು, ಜಗಳಾಡಿ ಗೆಲ್ಲುತ್ತಿದ್ದೆ. ಈ ಹೊಟ್ಟೆಕಿಚ್ಚಿಗೆ ಯಾವ ಮದ್ದು? ಆಕೆಯ ತುಂಬಿದ ಹೊಟ್ಟೆ, ಹಸಿರು ಬಳೆ, 'ಮತ್ತೊಮ್ಮಿ ಹೇಳ' ಎಂದ ಹೆಂಗಸರು, ಎಲ್ಲದರ ಮೇಲೂ ನನಗೆ ಕಿಚ್ಚು ಎದ್ದಿತು. ಆ ಸಾಲನ್ನು ಹೇಳಬೇಕಾದ ತುಟಿ ನನ್ನದಾಗಿತ್ತು.

"ಅದರಾಗ ಆಕಿ ಗಂಡನ ಹೆಸರೈತಿ. ನಿನಗ್ಯಾಕ ಹೊಟ್ಟಿ ಉರಿ?" ಎಂದ ನನ್ನ ಗಂಡ.

"ಮನಿಗೆ ಮಾರಿ, ಊರಿಗೆ ಉಪಕಾರಿ" ಎಂದೆ. ಅಲ್ಲಿಂದ ಮನೆಯಲ್ಲಿ ಮಾತು ನಿಂತಿತು.

ಆದರೆ ನನ್ನ ಬಾಯಿ ನಿಲ್ಲಬೇಕಲ್ಲ. ಮೂಡಲಗಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಹತ್ತರಗಿಯ ಅಕ್ಕನಿಗೆ ದಿನಾ ವಾಯ್ಸ್ ಮೆಸೇಜು ಕಳಿಸುತ್ತಿದ್ದೆ. "ಅಕ್ಕಾ, ಒಡಪ ಬರದದ್ದ ಆ ಕೈ ಮುರದ ಒಲ್ಯಾಗ ಹಾಕ್ತೇನಿ ನೋಡ. ಅವನ ಬಾಯಾಗ ಮಣ್ಣ ಬೀಳ್ಲಿ." ಬೈದು ಬೈದು ಕೊನೆಗೆ ಅಳುತ್ತಿದ್ದೆ. ಅಕ್ಕನಿಗೆ ತಡೆಯಲಾಗಲಿಲ್ಲ. ತಂಗಿಯ ಅಳು ಕೇಳಿದರೆ ಬುದ್ಧಿ ಬಂದೀತು ಎಂದು ಅವನ್ನೆಲ್ಲ ನನ್ನ ಗಂಡನಿಗೇ ಕಳಿಸಿಬಿಟ್ಟಳು. ಅವನು ಒಂದನ್ನೂ ಅಳಿಸದೆ ಇಟ್ಟುಕೊಂಡ. ಜಗಳ ದೊಡ್ಡದಾಗಿ ನಾನು ಮಗಳೊಡನೆ ಅಕ್ಕನ ಮನೆ ಸೇರಿದ ಮೇಲೆ ನೋಟಿಸು ಬಂತು. ಹೆಂಡತಿಯ ಕ್ರೌರ್ಯದ ಕಾರಣಕ್ಕೆ ವಿಚ್ಛೇದನ ಬೇಕಂತೆ. ಸಾಕ್ಷಿ, ನನ್ನದೇ ದನಿ.

ನನಗೆ ಬಿಡುಗಡೆ ಬೇಕಾಗಿರಲಿಲ್ಲ. ಗಂಡನೇ ಬೇಕಾಗಿತ್ತು. ಅಷ್ಟು ಬೈದವಳಿಗೆ ಗಂಡ ಯಾಕೆ ಎಂದು ಹುಕ್ಕೇರಿಯ ನಮ್ಮ ಕಾಕಾ ಕೇಳಿದರು. ಬೇಡವಾದವನನ್ನು ಯಾರು ಅಷ್ಟು ಬೈಯುತ್ತಾರೆ?

ಗೋಕಾಕದಲ್ಲಿ ನನ್ನ ವಕೀಲರ ಮುಂದೆ, ಗಂಡನ ಮೊಬೈಲಿನಿಂದ ಅವತ್ತೇ ಬರೆದುಕೊಂಡಿದ್ದ ಆ ನಾಲ್ಕು ಒಡಪುಗಳ ಹಾಳೆ ಇಟ್ಟೆ. ನನ್ನ ಬಳಿ ಇದ್ದ ಸಾಕ್ಷಿ ಅದೊಂದೇ. ಅವರು ಓದಿ ತಲೆದೂಗಿದರು.

"ಚಂದ ಬರದಾರಲ್ರಿ! ಆದ್ರ ಟೀಚರ್, ಇದರಾಗ ಆಕಿ ಗಂಡನ ಹೆಸರೈತಿ. ಇದನ್ನ ಕೋರ್ಟಿನಾಗ ಇಟ್ರ ನಗ್ತಾರ."

"ನನ್ನ ಸಂಸಾರ ಮುರದದ್ದ ಇದರಿಂದನ್ರಿ."

"ಇರಬಹುದ್ರಿ. ಆದ್ರ ಕಾಯ್ದೆದಾಗ ಇದಕ್ಕ ಜಾಗಾ ಇಲ್ಲ." ಹಾಳೆಯನ್ನು ಇನ್ನೊಮ್ಮೆ ಓದಿ, "ನಮ್ಮ ತಂಗಿ ಮಗಳ ಮದುವಿ ಐತ್ರಿ. ಒಂದ ಬರಕೊಳ್ಳಲೇನ್ರಿ?" ಎಂದರು. ಬರೆದುಕೊಳ್ಳಲಿ ಎಂದು ಹಾಳೆ ಅವರ ಮುಂದೆಯೇ ಬಿಟ್ಟು ಎದ್ದೆ. ಊರೆಲ್ಲ ಹೇಳಲಿ, ನಾನೊಬ್ಬಳು ಬಿಟ್ಟು.

ಕೋರ್ಟಿನಲ್ಲಿ ನನ್ನ ಬೈಗುಳವನ್ನು ನೀಟಾಗಿ ಟೈಪು ಮಾಡಿಸಿ ತಂದಿದ್ದರು. 'ಎದುರುದಾರಳು ಅರ್ಜಿದಾರನ ಕೈ ಮುರಿದು ಒಲೆಗೆ ಹಾಕುವುದಾಗಿ ಬೆದರಿಕೆ ಹಾಕಿರುತ್ತಾಳೆ.' ನನ್ನ ಮಾತು ಅಷ್ಟು ಶುದ್ಧವಾಗಿ ಎಂದೂ ಇರಲಿಲ್ಲ. ಅಳು ಮಾತ್ರ ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

"ಈ ದನಿ ನಿಮ್ಮದ ಹೌದಲ್ರಿ?" ಎಂದು ಗಂಡನ ವಕೀಲರು ಕೇಳಿದರು.

"ಹೌದ್ರಿ."

"ಕೈ ಮುರಿತೇನಿ ಅಂದದ್ದ ಖರೆ?"

"ಅಂದೇನ್ರಿ. ಆದ್ರ ಮುರದಿಲ್ಲ. ಹಾಲ ಒದ್ದ ಚೆಲ್ಲಿದ ಎಮ್ಮಿಗೂ ನಾವು ಹಂಗ ಬೈತೇವ್ರಿ."

ಕೋರ್ಟಿನಲ್ಲಿದ್ದವರು ನಕ್ಕರು. ಬರೆದುಕೊಂಡದ್ದು ಮಾತ್ರ 'ಹೌದು' ಎಂಬುದನ್ನಷ್ಟೆ ಎಂದು ನನ್ನ ವಕೀಲರು ಆಮೇಲೆ ಹೇಳಿದರು.

ಕೊನೆಗೆ ಜಡ್ಜ್ ಸಾಹೇಬರು, ಇನ್ನೊಮ್ಮೆ ಕೂತು ಮಾತಾಡಿ ನೋಡಿ ಎಂದು ನಮ್ಮಿಬ್ಬರನ್ನೂ ರಾಜಿ ಸಂಧಾನಕ್ಕೆ ಕಳಿಸಿದರು. ಅಲ್ಲಿದ್ದವರು ವಯಸ್ಸಾದ ಒಬ್ಬ ಹೆಣ್ಣುಮಗಳು, ತಾವೂ ವಕೀಲರೇ. "ಇಲ್ಲಿ ಆಡಿದ ಮಾತ ಇಲ್ಲೇ ಉಳಿತೈತಿ. ಇದನ್ನ ಯಾರೂ ಸಾಕ್ಷಿ ಮಾಡಂಗಿಲ್ಲ. ಮನಸ್ಸ ಬಿಚ್ಚಿ ಮಾತಾಡ್ರಿ" ಎಂದರು.

ನಾನು ಕ್ಷಮೆ ಕೇಳಿದರೆ ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದ ನನ್ನ ಗಂಡ. ನನ್ನ ಎದೆ ಹಗುರಾಯಿತು. ಎಲ್ಲ ಬೈಗುಳಕ್ಕೂ ಕ್ಷಮೆ ಕೇಳಿದೆ, ಮಣ್ಣಿಗೊಂದು, ಒಲೆಗೊಂದು. ಅವನ ಮುಖದಲ್ಲಿ ನಗು ಮೂಡಿತು. ಬ್ಯಾಗು ತುಂಬಿಕೊಂಡು ಸಂಜೆಯೇ ಮನೆಗೆ ಹೋಗುವ ಲೆಕ್ಕ ನಾನು ಹಾಕುತ್ತಿದ್ದೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಕಿಚ್ಚು ಸುಮ್ಮನಿರಲು ಬಿಡಲಿಲ್ಲ.

"ಒಂದ ಮಾತ ಹೇಳ್ರಿ. ಅವತ್ತ ನಾ ಕೇಳಿದಾಗ, ಬರೂದಿಲ್ಲ ಅಂತ ಯಾಕ ಸುಳ್ಳ ಹೇಳಿದ್ರಿ?"

ಅವನು ಯೋಚಿಸಿದ. ಅಷ್ಟು ದಿನಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿಯೇ ಮಾತಾಡಿದ, ಸಿಟ್ಟಿಲ್ಲದೆ, ಮೆಲ್ಲಗೆ.

"ಸುಳ್ಳಲ್ಲ. ಅವತ್ತ ನನಗ ಖರೇನ ಬರ್ತಿರಲಿಲ್ಲ. ಆಕಿ ಕೇಳಿದ ಮ್ಯಾಲ ಬಂತು."

ಸುಳ್ಳು ಹೇಳಿದ್ದರೆ ಅವನ ಹಿಂದೆ ಹೋಗುತ್ತಿದ್ದೆ. ನಾನು ಆ ಹೆಣ್ಣುಮಗಳ ಕಡೆ ತಿರುಗಿ, "ಇಬ್ಬರೂ ಒಪ್ಪಿ ಬಿಡೂದಕ್ಕ ಕಾಗದ ಇರ್ತೈತಲ್ರಿ, ಅದನ್ನ ಕೊಡ್ರಿ" ಎಂದೆ.