ಗಾಜು ಹಾಕಿಸಿದ ಚಿತ್ರ

ಸ್ಪರ್ಧೆಯ ಪ್ರದರ್ಶನಕ್ಕೆ ಚಿತ್ರ ಕಳಿಸುವವರಿಗೆ ನಾನು ಹೇಳಬಲ್ಲ ಬುದ್ಧಿಮಾತು ಒಂದೇ. ಯಾಕೆ ಆಯ್ಕೆಯಾಗಲಿಲ್ಲ ಎಂದು ಬೇಕಾದರೆ ಕೇಳಿ. ಆ ತಪ್ಪು ಇಲ್ಲದಿದ್ದರೆ ಆಗುತ್ತಿತ್ತೇ ಎಂದು ಮಾತ್ರ ಕೇಳಬೇಡಿ.

ಬಹರೈನಿನ ಅರಾದ್‌ನಲ್ಲಿದ್ದ ನನ್ನ ಗೆಳತಿ ತನ್ನ ಕಿಟಕಿಯಿಂದ ಕಾಣುವ ಸಮುದ್ರವನ್ನು ಜಲವರ್ಣದಲ್ಲಿ ಬರೆದಿದ್ದಳು. ಗಂಡನ ಹೋಟೆಲ್ ಕೆಲಸ ಮುಗಿದು, ಆ ತಿಂಗಳೇ ಅವರು ಮಂಗಳೂರಿಗೆ ಹೊರಡುವವರಿದ್ದರು. ಬಹರೈನ್ ಬಿಡುವ ಮೊದಲು ತನ್ನದೊಂದು ಚಿತ್ರ ಗೋಡೆಯ ಮೇಲೆ, ಗುರುತಿಲ್ಲದವರ ಕಣ್ಣಿಗೆ ಬೀಳಬೇಕೆಂದು ಅವಳ ಆಸೆ. ಗಂಡ, ಪಾಪ, ಅವಳಿಗೆ ಖುಷಿಯಾಗಲಿ ಎಂದು ಹೇಳದೆ ಕೇಳದೆ ಅದಕ್ಕೆ ಗಾಜು, ಚೌಕಟ್ಟು ಹಾಕಿಸಿ ತಂದರು. ಅದನ್ನೇ ಗೋಡೆಗೆ ಒರಗಿಸಿ, ಫೋನಿನಲ್ಲಿ ಫೋಟೋ ತೆಗೆದು ಸ್ಪರ್ಧೆಗೆ ಕಳಿಸಿದಳು. ಆಯ್ಕೆಯಾಗಲಿಲ್ಲ.

ಆಯ್ಕೆಯಾಗದವರಿಗೆ ಸಲಹೆ ಕೊಡಲು ಸ್ಪರ್ಧೆಯವರು ಒಂದು ಸಂಜೆ ಕರೆದಿದ್ದರು. "ಯಾಕೆ ಆಗ್ಲಿಲ್ಲ ಅಂತ ಆದ್ರೂ ಗೊತ್ತಾಗ್ತದೆ, ಬಾ ಮಾರಾಯ್ತಿ" ಎಂದು ನನ್ನನ್ನೂ ಎಳೆದುಕೊಂಡು ಹೋದಳು.

ಬೆಂಗಳೂರಿನಿಂದ ಬಂದಿದ್ದ ತೀರ್ಪುಗಾರರೊಬ್ಬರು ಒಂದು ಫೋಟೋವನ್ನು, ಹೆಸರು ಅಳಿಸಿ, ಪರದೆಯ ಮೇಲೆ ಹಾಕಿದರು. ಗಾಜಿನಲ್ಲಿ ಒಬ್ಬ ಹೆಂಗಸಿನ ಬಿಂಬ. ಮುಖಕ್ಕೆ ಫೋನ್ ಅಡ್ಡ, ಹೂವಿನ ನೈಟಿ, ತಲೆಗೆ ಸುತ್ತಿದ ಬೈರಾಸು, ಹಿಂದೆ ಒಣಹಾಕಿದ ಬಟ್ಟೆ.

"ಫ್ರೇಮ್ ಹಾಕ್ಸೋಕೆ ಮುಂಚೆ ಫೋಟೋ ತೆಗೀರಿ. ಇಲ್ಲಾಂದ್ರೆ ನಾವು ಮಾರ್ಕ್ಸ್ ಕೊಡ್ಬೇಕಾಗೋದು ನೈಟಿಗೆ."

ಸಭೆ ನಕ್ಕಿತು. ಕಾನ್ವೆಂಟಿನ ಅಭ್ಯಾಸದಂತೆ ನಾನೂ ಬಾಯಿಗೆ ಕರವಸ್ತ್ರ ಹಿಡಿದು ನಕ್ಕೆ. ಆಮೇಲೆ ಪಕ್ಕದಲ್ಲಿ ಅವಳ ಬೆರಳುಗಳು ಶಾಲಿನ ಅಂಚನ್ನು ಮಡಚುವುದು, ಬಿಡಿಸುವುದು ಕಂಡಿತು.

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಎದ್ದು ನಿಂತಳು. "ಅದು ನನ್ನದೇ ಸರ್. ಗ್ಲಾಸ್ ಇಲ್ಲದಿದ್ರೆ ಸೆಲೆಕ್ಟ್ ಆಗ್ತಿತ್ತಾ?"

ಅವರಿಗೆ ನಾಚಿಕೆಯಾಯಿತು. ಹಾಗಾಗಿಯೇ ಇರಬೇಕು, ಪರದೆಯ ಹತ್ತಿರ ಹೋಗಿ ಚಿತ್ರವನ್ನು ನಿಧಾನವಾಗಿ, ಮರ್ಯಾದೆಯಿಂದ ನೋಡಿದರು.

"ಇಲ್ಲ ಮೇಡಂ. ಸುಳ್ಳು ಯಾಕೆ ಹೇಳ್ಲಿ? ಇದು ಸಮುದ್ರ ನೋಡಿ ಬರೆದ ಹಾಗಿಲ್ಲ. ಕ್ಯಾಲೆಂಡರ್ ನೋಡಿ ಬರೆದ ಹಾಗಿದೆ."

"ಥ್ಯಾಂಕ್ಯೂ ಸರ್" ಎಂದು ಕುಳಿತಳು.

ಹೊರಗೆ ಗಂಡ ಕಾರಿನಲ್ಲಿ ಕಾಯುತ್ತಿದ್ದರು. "ಎಂತ ಹೇಳಿದ್ರು?"

"ಚಿತ್ರ ಲಾಯ್ಕ ಉಂಟಂತೆ. ಗ್ಲಾಸ್ ಹಾಕಿದ್ದಕ್ಕೆ ಹೋಯ್ತು, ಅಷ್ಟೇ."

ಅವರು ಕೀಲಿಯಿಂದ ಕೈ ತೆಗೆದರು. "ಹಾಗಾದ್ರೆ ನಾನೇ ಹಾಳು ಮಾಡಿದ್ದು."

ಅವಳು ಸೀಟ್‌ಬೆಲ್ಟ್ ಎಳೆದು ಹಾಕಿಕೊಂಡಳು. ಮಾಹೂಝ್‌ನಲ್ಲಿ ನನ್ನನ್ನು ಇಳಿಸುವವರೆಗೂ ಸಿಗ್ನಲ್ ಬಂದಾಗಲೆಲ್ಲ ಅವರು ಅವಳ ಕಡೆ ತಿರುಗಿ, "ಸಾರಿ ಮಾರಾಯ್ತಿ, ನಂಗೆ ಗೊತ್ತಿರ್ಲಿಲ್ಲ" ಎನ್ನುತ್ತಿದ್ದರು.

"ಇರ್ಲಿ ಬಿಡಿ" ಎಂದು ಪ್ರತಿ ಸಲವೂ ಅವಳು ಅವರನ್ನು ಕ್ಷಮಿಸಿದಳು.